ಕೌಸಲ್ಯಕ್ಕ ಆರು ಡಿಸ್ಕು ದಾಟಿಸಿದ್ದು

ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ, ಸಿಯಾಟಲ್ ಸುತ್ತಮುತ್ತಲಿನ ನಮ್ಮ ಗುಂಪಿನಲ್ಲಿ ಇಪ್ಪತ್ತಮೂರು ಜನರಿದ್ದೆವು. ಹೆಚ್ಚಿನವರು ಕಂಪ್ಯೂಟರಿನ ಹೆಸರು ಹೇಳಿಕೊಂಡೇ ಅನ್ನ ತಿನ್ನುವವರು. ಆದರೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒಳಗೆ ಕೈಹಾಕುವ ಧೈರ್ಯ ಇದ್ದದ್ದು ಒಬ್ಬರಿಗೇ. ಅವರು ಡುವಾಲ್‌ನ ಕೌಸಲ್ಯಕ್ಕ.

ಅವರು ಸಾಫ್ಟ್‌ವೇರಿನವರಲ್ಲ. ಡಿಪ್ಲೊಮಾ ಮುಗಿಸಿ ಇಪ್ಪತ್ತೆರಡನೇ ವಯಸ್ಸಿಗೆ ಹಾಸನದ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ, ಹದಿನಾಲ್ಕು ವರ್ಷ ವೈರುಗಳ ನಡುವೆ ದುಡಿದವರು. ಗಂಡ ಉದಯ್‌ಗೆ ರೆಡ್ಮಂಡ್‌ನಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದು, ವೀಸಾ ಕಾರಣಕ್ಕೆ ಆರು ವರ್ಷ ಮನೆಯಲ್ಲಿ ಕುಳಿತರು. ಗ್ರೀನ್ ಕಾರ್ಡ್ ಕೈಗೆ ಬಂದ ತಿಂಗಳೇ ಫ್ಯಾಕ್ಟೋರಿಯಾದ ಒಂದು ಕಚೇರಿಯಲ್ಲಿ ಸರ್ವರ್ ಕೋಣೆಯ ಕೇಬಲ್ ನೋಡಿಕೊಳ್ಳುವ ಕೆಲಸ ಹಿಡಿದರು. "ಆರು ವರ್ಷ ಆದ್ಮೇಲೆ ವೈರ್ ಬಿಗಿಯೋ ಒಂದ್ ಕ್ರಿಂಪಿಂಗ್ ಟೂಲ್ ಕೈಗೆ ಸಿಕ್ತಲ್ಲ ಜಾಹ್ನವಿ, ಅವತ್ತು ನಾನು ಕಾರಲ್ಲಿ ಒಬ್ಳೇ ಕೂಗ್ಕೊಂಡ್ ಬಂದೆ" ಎಂದು ನನಗೆ ಹೇಳಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಸೀರೆಯಾಗಲಿ ಪ್ಯಾಂಟಾಗಲಿ ಸೊಂಟದಲ್ಲೊಂದು ಪುಟ್ಟ ಟಾರ್ಚು. ಖುಷಿಯಾದರೆ ಅವರ ದನಿ ಒಂದು ಮನೆ ದಾಟಿ ಇನ್ನೊಂದು ಮನೆಗೆ ಕೇಳಿಸುತ್ತಿತ್ತು.

ಓದುವ ಕೆಲಸ ಶುರುವಾದದ್ದೂ ಆ ಎಕ್ಸ್‌ಚೇಂಜಿನಲ್ಲೇ. ಅಲ್ಲಿ ಚಕ್ರಪಾಣಿ ಎಂಬ ಅಂಧ ಆಪರೇಟರ್ ಇದ್ದರು. ಬಿ.ಎ. ಪರೀಕ್ಷೆ ಕಟ್ಟಿದ್ದ ಅವರಿಗೆ ಕೌಸಲ್ಯಕ್ಕ ಊಟದ ಬಿಡುವಿನಲ್ಲಿ ಪುಸ್ತಕ ಓದಿ ಹೇಳುತ್ತಿದ್ದರು. ಚಕ್ರಪಾಣಿ ಪಾಸಾದರು, ಮುಂದೆ ಆ ಕೆಲಸ ಬಿಟ್ಟು ತಿಪಟೂರಿನಲ್ಲಿ ಅಂಧ ವಿದ್ಯಾರ್ಥಿಗಳ ಹಾಸ್ಟೆಲೊಂದರ ವಾರ್ಡನ್ ಆದರು. ೨೦೦೪ರಲ್ಲಿ ಒಂದು ದಿನ ಫೋನ್ ಮಾಡಿ, "ಮೇಡಂ, ನನಗೊಬ್ಬನಿಗೆ ಓದಿದ್ರಿ. ಈಗ ಇಲ್ಲಿ ಮೂವತ್ತು ಜನ ಇದಾರೆ. ಅಲ್ಲಿಂದಲೇ ಓದಿ ಕಳಿಸೋಕಾಗುತ್ತಾ?" ಎಂದು ಕೇಳಿದರು.

ಹೊರಗಿನ ಸದ್ದು ಬರದಂತೆ ಬಟ್ಟೆ ಬೀರುವಿನೊಳಗೆ ಕುಳಿತು, ಕಂಬಳಿ ಇಳಿಬಿಟ್ಟುಕೊಂಡು ಕೌಸಲ್ಯಕ್ಕ ಮೊದಲ ಪುಸ್ತಕ ಓದಿ ರೆಕಾರ್ಡ್ ಮಾಡಿದರು. ನಾಲ್ಕು ವರ್ಷದಲ್ಲಿ ನಾವೆಲ್ಲ ಕೂಡಿಕೊಂಡೆವು. ಅವರ ಅತ್ತೆ ಸಾಕಮ್ಮನವರು ಮದ್ದೂರಿನಿಂದ ಆರು ತಿಂಗಳಿಗೆಂದು ಬಂದವರು ನಮಗೆಲ್ಲ ಗುರುವಾದರು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಮಾತಿಗೆ ನಿಂತರೆ ಅಪ್ಪಟ ಮದ್ದೂರು. ಪುಸ್ತಕ ಹಿಡಿದರೆ ಒಂದು ಅಲ್ಪಪ್ರಾಣ ಆಚೀಚೆ ಆಗುತ್ತಿರಲಿಲ್ಲ.

ನಾವು ಓದಿದ್ದೆಲ್ಲ ಕೌಸಲ್ಯಕ್ಕನ ಮನೆಯ ಒಂದು ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು. ಅವರೇ ಜೋಡಿಸಿದ್ದ ಡಬ್ಬ. ಅದರಲ್ಲಿ ಆರು ಹಾರ್ಡ್ ಡಿಸ್ಕು. ಆರನ್ನೂ ಸೇರಿಸಿ ಒಂದೇ ಪೂಲ್, ಅಂದರೆ ಒಂದೇ ಕಣಜ, ಮಾಡಿದ್ದರು. ಯಾವ ಪಾಠವೂ ಒಂದೇ ಡಿಸ್ಕಿನಲ್ಲಿ ಇರುವುದಿಲ್ಲ; ಚೂರುಚೂರಾಗಿ ಆರರಲ್ಲೂ ಹಂಚಿಹೋಗಿರುತ್ತದೆ. ಒಂದು ಡಿಸ್ಕು ಕೈಕೊಟ್ಟರೆ ಉಳಿದ ಐದು ಸೇರಿ ಲೆಕ್ಕ ಹಾಕಿ ಅದರ ಪಾಲನ್ನೂ ತುಂಬಿಕೊಡುತ್ತವೆ. ಎರಡು ಒಟ್ಟಿಗೆ ಹೋದರೆ ಮಾತ್ರ ಕಥೆ ಮುಗಿಯಿತು. ಆರೂ ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸಲು ನಡುವೆ ಒಂದು ಕಂಟ್ರೋಲರ್ ಕಾರ್ಡು.

೨೦೦೮ರ ಡಿಸೆಂಬರಿನಲ್ಲಿ, ಊರೆಲ್ಲ ಹಿಮ ಬಿದ್ದು ನಾವು ಮನೆಯಲ್ಲೇ ಕುಳಿತಿದ್ದ ವಾರ, ಮೂರನೇ ಡಿಸ್ಕು ಪೂಲಿನಿಂದ ಕಾಣೆಯಾಯಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮರಳಿ ಬರುತ್ತಿತ್ತು. ಮತ್ತೆ ಎರಡು ದಿನಕ್ಕೆ ಕಾಣೆ. ಕೌಸಲ್ಯಕ್ಕ ಗುಂಪಿಗೆ ಇಮೇಲ್ ಹಾಕಿದರು. ಅರ್ಧ ಗಂಟೆಯಲ್ಲಿ ಹದಿನೇಳು ಉತ್ತರ. ಡಿಸ್ಕು ಸತ್ತಿದೆ, ಹೊಸದು ಹಾಕಿ ಎಂದು ಹದಿನಾರು ಜನ ಬರೆದಿದ್ದೆವು. ನಾನೂ ಬರೆದಿದ್ದೆ, ಬಹಳ ಖಚಿತವಾಗಿ. ಹದಿನೇಳನೆಯವರು ಹಿಮದಲ್ಲಿ ಕಾರು ಹೇಗೆ ಓಡಿಸಬೇಕೆಂದು ಬರೆದಿದ್ದರು.

ಕೌಸಲ್ಯಕ್ಕ ಯಾರ ಮಾತನ್ನೂ ಕೇಳಲಿಲ್ಲ. ಹಾಸನದಲ್ಲಿ ಅವರಿಗೆ ಕೆಲಸ ಕಲಿಸಿದ ವೀರಣ್ಣ ಎಂಬ ಮೇಸ್ತ್ರಿಯದು ಒಂದೇ ಪಾಠ: ಲೈನು ಕೆಟ್ಟಿದೆಯೋ ಫೋನು ಕೆಟ್ಟಿದೆಯೋ ತಿಳಿಯಬೇಕಾದರೆ ಒಂದೇ ಒಂದನ್ನು ಬದಲಿಸಿ ನೋಡು. ಅವರು ಕಂಪ್ಯೂಟರ್ ಆರಿಸಿ, ಮೂರನೇ ಡಿಸ್ಕನ್ನೂ ಐದನೇ ಡಿಸ್ಕನ್ನೂ ಕಾರ್ಡಿನಲ್ಲಿ ಅದಲು ಬದಲು ಮಾಡಿ ಹಚ್ಚಿದರು. ಎರಡು ದಿನದ ಮೇಲೆ ಬೆಳಿಗ್ಗೆ ಏಳಕ್ಕೆ ನನಗೆ ಫೋನು.

"ಜಾಹ್ನವಿ! ಈಗ ಐದನೇ ಡಿಸ್ಕು ಹೋಗಿದೆ ಕಣೆ! ಮೂರನೇದು ಆರಾಮಾಗಿದೆ!"

"ಅಯ್ಯೋ, ಇನ್ನೊಂದೂ ಹೋಯ್ತಾ ಅಕ್ಕ?"

"ಅಲ್ವೇ ದಡ್ಡಿ, ಮೂರನೇ ಜಾಗಕ್ಕೆ ಯಾರು ಹೋಗಿ ಕೂತ್ರೂ ಬೀಳ್ತಾರೆ. ಡಿಸ್ಕುಗಳೆಲ್ಲ ಚೆನ್ನಾಗಿವೆ. ಕೆಟ್ಟಿರೋದು ಕಾರ್ಡು!"

ಒಂದು ವಾರದಲ್ಲಿ ಕಾರ್ಡಿನಲ್ಲಿ ಕೇಬಲ್ ಸಿಕ್ಕಿಸುವ ಇನ್ನೊಂದು ಪೋರ್ಟೂ ತಡವರಿಸಲು ಶುರುಮಾಡಿತು. ಇರುವುದನ್ನು ಬೇರೆ ಡಿಸ್ಕಿಗೆ ನಕಲು ಮಾಡೋಣವೆಂದರೆ, ಕೆಲಸ ಹೆಚ್ಚಾದಷ್ಟೂ ಕಾರ್ಡು ಕಾದು ಮಲಗಿಬಿಡುತ್ತಿತ್ತು. ಇತಿಹಾಸ ಪುಸ್ತಕದ ಅರ್ಧ ಮಾತ್ರ ಹೊರಬಂತು. ಹಳೆಯ ವರ್ಷಗಳ ಪಾಠಗಳೆಲ್ಲ ತಿಪಟೂರಿನಲ್ಲಿ ಸಿ.ಡಿ.ಗಳಲ್ಲಿದ್ದವು, ಆದರೆ ಎರಡನೇ ಪಿಯುಸಿಯ ಮೂರು ಪುಸ್ತಕಗಳು, ಇಪ್ಪತ್ತಮೂರು ಜನ ನಾಲ್ಕು ತಿಂಗಳು ಓದಿದ್ದು, ಬೇರೆಲ್ಲೂ ಇರಲಿಲ್ಲ. ಪರೀಕ್ಷೆ ಮಾರ್ಚಿನಲ್ಲಿ. ನಮ್ಮ ಗುಂಪಿನ ನಂದಿತಾ ಜನವರಿಯ ಎರಡನೇ ಭಾನುವಾರ ಬೆಂಗಳೂರಿಗೆ ಹೊರಟಿದ್ದಳು; ಪಾಠಗಳನ್ನು ಅವಳ ಕೈಲಿ ಕಳಿಸುವುದೆಂದು ಮೊದಲೇ ನಿಶ್ಚಯವಾಗಿತ್ತು.

ಕೌಸಲ್ಯಕ್ಕ ಕಂಪ್ಯೂಟರ್ ಆರಿಸಿಟ್ಟು ಹೊಸ ಕಾರ್ಡಿಗೆ ಆರ್ಡರ್ ಕೊಟ್ಟರು. ಅದು ಕೆಂಟ್‌ನಲ್ಲಿದ್ದ ಅಂಗಡಿಯವರ ಗೋದಾಮಿಗೆ ಬಂದು ಅಲ್ಲೇ ನಿಂತಿತು. ಹಿಮ ಕರಗಿದ ಮೇಲೆ ಎಡೆಬಿಡದ ಮಳೆ. ಸ್ನೋಕ್ವಾಲ್ಮಿ ನದಿ ಏರುತ್ತಿದೆ, ಡುವಾಲ್ ಇರುವ ಕಣಿವೆ ಕಡೆಗೆ ವ್ಯಾನು ಬರುವುದಿಲ್ಲ ಎಂದುಬಿಟ್ಟರು. ಬುಧವಾರ ಬೆಳಿಗ್ಗೆ ಕೌಸಲ್ಯಕ್ಕ ರಜೆ ಹಾಕಿ, ತಾವೇ ಕಾರು ತೆಗೆದರು.

"ಈ ಮಳೇಲಿ ಎಲ್ಲಿಗವ್ವ?" ಎಂದರು ಸಾಕಮ್ಮ.

"ಕೆಂಟಿಗೆ ಅತ್ತೆ. ಒಂದ್ ಕಾರ್ಡು ತರ್ಬೇಕು."

"ಒಂದ್ ಕಾರ್ಡ್‌ಗೆ ಇಷ್ಟ್ ದೂರ್ವಾ? ಪೋಸ್ಟಿನವ್ನು ತರಾಕಿಲ್ವಾ?"

ಗೋದಾಮಿನ ಕೌಂಟರಿನಲ್ಲಿ ಅವರು ಮಾಡಿದ ಮೊದಲ ಕೆಲಸ ಪೆಟ್ಟಿಗೆ ಬಿಚ್ಚಿದ್ದು. ಕಾರ್ಡು ಇತ್ತು, ಅದರ ಕೇಬಲ್ ಇರಲಿಲ್ಲ. ಹಳೆಯ ಕಾರ್ಡಿನಲ್ಲಿ ಡಿಸ್ಕಿಗೊಂದು ಕೇಬಲ್; ಹೊಸದರಲ್ಲಿ ಒಂದು ದಪ್ಪ ತುದಿ ನಾಲ್ಕಾಗಿ ಕವಲೊಡೆಯುವ ಬೇರೆಯೇ ಬಗೆ. ಅದಿಲ್ಲದೆ ಮನೆಗೆ ಹೋಗಿದ್ದರೆ ಕಾರ್ಡನ್ನು ಗೋಡೆಗೆ ತೂಗುಹಾಕಬೇಕಾಗುತ್ತಿತ್ತು. ಕೌಂಟರಿನವನು ಒಳಗೆ ಹುಡುಕಿ ಎರಡು ಕೇಬಲ್ ತಂದುಕೊಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಷ್ಟರಲ್ಲಿ ಉದಯ್ ಫೋನ್ ಮಾಡಿದರು.

"ಕೌಸಲ್ಯ, ರೋಡ್ ಕ್ಲೋಸ್ ಮಾಡ್ತಾರಂತೆ. ನೀನು ಸೀದಾ ರೆಡ್ಮಂಡಿಗೆ ಬಂದ್ಬಿಡು."

"ಅತ್ತೆ ಒಬ್ರೇ ಇದಾರೆ. ನಾನು ಹೋಗ್ತೀನಿ. ನೀವೂ ಈಗ್ಲೇ ಹೊರಡಿ ರೀ!"

ವುಡಿನ್‌ವಿಲ್‌ನಿಂದ ಡುವಾಲ್‌ಗೆ ಇಳಿಯುವ ರಸ್ತೆಯ ತುದಿಗೆ ಅವರು ಬಂದಾಗ ಕೌಂಟಿಯ ರಸ್ತೆ ಸಿಬ್ಬಂದಿ ಅಡ್ಡಗಟ್ಟೆ ಇಳಿಸುತ್ತಿದ್ದರು. ಇಕ್ಕೆಲದ ಹೊಲಗಳಲ್ಲಿ ನೀರು ರಸ್ತೆಯ ಮಟ್ಟಕ್ಕೆ ಬಂದಿತ್ತು. ಕಿತ್ತಳೆ ಅಂಗಿಯ ಹೆಂಗಸೊಬ್ಬಳು ಕೈ ಬೀಸಿ, ಬೇಗ ಬೇಗ ಎಂದಳು. ಕೌಸಲ್ಯಕ್ಕ ದಾಟಿದ ಮೇಲೆ ಇನ್ನು ಎರಡೇ ಕಾರು ದಾಟಿದವು. ಒಂದು ಗಂಟೆ ತಡವಾಗಿ ಹೊರಟ ಉದಯ್ ಅಡ್ಡಗಟ್ಟೆ ನೋಡಿ ವಾಪಸು ಹೋಗಿ ಗೆಳೆಯನ ಮನೆಯಲ್ಲಿ ಉಳಿದರು.

ಗುರುವಾರ ಬೆಳಿಗ್ಗೆ ಸಾಕಮ್ಮ ಕಿಟಕಿ ಪರದೆ ಸರಿಸಿದರೆ ಕಣಿವೆಯೇ ಕೆರೆಯಾಗಿತ್ತು. ದಿಬ್ಬದ ಮೇಲಿನ ಮನೆಗೆ ಅಪಾಯವಿರಲಿಲ್ಲ. ಆದರೆ ಆಚೆ ಈಚೆ ಹೋಗುವ ದಾರಿಯಿಲ್ಲ. ಉದಯ್ ಮತ್ತೆ ಫೋನಿನಲ್ಲಿ ಬಂದರು.

"ನಾನು ಬರೋವರೆಗೂ ಏನೂ ಮುಟ್ಬೇಡ. ಆರಿಸಿಟ್ಟಿದ್ರೆ ಡಿಸ್ಕುಗಳಿಗೇನೂ ಆಗಲ್ಲ."

"ಡಿಸ್ಕಿಗೇನೂ ಆಗಲ್ಲ, ನಿಜ. ಆದ್ರೆ ನಂದಿತಾ ಭಾನುವಾರ ಹೋಗ್ತಾಳೆ. ನಕಲು ಮಾಡೋಕೇ ಒಂದಿಡೀ ದಿನ ಬೇಕು. ನೀರು ಶನಿವಾರ ಇಳಿಯುತ್ತಂತೆ."

"ತಪ್ಪಾದ್ರೆ?"

"ಅದಕ್ಕೇ ಮೊದ್ಲು ಸುಳ್ಳು ಡಿಸ್ಕಲ್ಲಿ ಮಾಡ್ತೀನಿ."

ಮನೆಯಲ್ಲಿ ಬಳಸದೆ ಬಿದ್ದಿದ್ದ ಎರಡು ಹಳೆಯ ಡಿಸ್ಕುಗಳಿದ್ದವು. ಅವರು ಮೊದಲು ಆ ಆರು ಡಿಸ್ಕುಗಳ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟರು. ಹಳೆಯ ಕಾರ್ಡಿನ ಇನ್ನೂ ನೆಟ್ಟಗಿದ್ದ ಎರಡು ಪೋರ್ಟಿಗೆ ಈ ಎರಡು ಡಿಸ್ಕು ಹಾಕಿ ಒಂದು ಪುಟ್ಟ ಪೂಲ್ ಕಟ್ಟಿದರು.

"ಅತ್ತೆ, ಇದ್ರೊಳಗೆ ಏನಾದ್ರೂ ಓದಿ."

"ಏನ್ ಓದ್ಲಿ?"

"ಏನಾದ್ರೂ ಸರಿ. ಹೋದ್ರೂ ಪರವಾಗಿಲ್ಲ ಅನ್ನೋದು."

ಸಾಕಮ್ಮ ಅಡುಗೆಮನೆಯಿಂದ ತೊಗರಿಬೇಳೆ ಪ್ಯಾಕೆಟ್ ತಂದು, ಅದರ ಮೇಲಿದ್ದ ಎರಡು ಸಾಲು ಕನ್ನಡವನ್ನು ಗಂಭೀರವಾಗಿ ಓದಿದರು. ತೂಕ, ಬೆಲೆ, ತೇವವಿಲ್ಲದ ಜಾಗದಲ್ಲಿಡಿ ಎಂಬ ಸೂಚನೆ. ಕೌಸಲ್ಯಕ್ಕ ಪೂಲನ್ನು ಎಕ್ಸ್‌ಪೋರ್ಟ್ ಮಾಡಿದರು. ಅಂದರೆ ಬರೆಯುವುದನ್ನೆಲ್ಲ ಬರೆದು ಮುಗಿಸಿ, ಕೊಂಡಿ ಕಳಚಿ, ನಾವೀಗ ಹೊರಡುತ್ತಿದ್ದೇವೆ ಎಂದು ಪ್ರತಿ ಡಿಸ್ಕಿನ ಮೇಲೂ ಗುರುತು ಹಾಕಿಸುವುದು. ಆ ಗುರುತಿದ್ದರೆ, ಮುಂದೆ ಯಾವ ಕಾರ್ಡಿನ ಯಾವ ಪೋರ್ಟಿಗೆ ಹೋದರೂ ಡಿಸ್ಕುಗಳು ಒಂದನ್ನೊಂದು ಗುರುತಿಸುತ್ತವೆ. ಆಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಹಳೆಯ ಕಾರ್ಡು ತೆಗೆದು ಹೊಸದನ್ನು ಕೂರಿಸಿ, ಎರಡು ಡಿಸ್ಕು ಜೋಡಿಸಿ ಹಚ್ಚಿದರು.

ಪರದೆಯ ಮೇಲೆ ಹೊಸ ಕಾರ್ಡಿನ ಪ್ರಶ್ನೆ ಮೂಡಿತು. ಹೊಸ ಡಿಸ್ಕುಗಳು ಸಿಕ್ಕಿವೆ, ಸಿದ್ಧಗೊಳಿಸಲೇ? ವೈ ಅಥವಾ ಎನ್.

ಕೇಳಲು ಎಷ್ಟು ಸೌಜನ್ಯದ ಪ್ರಶ್ನೆ! ಯಾರಾದರೂ ಹೌದೆನ್ನುವಂಥದ್ದು. ಕೌಸಲ್ಯಕ್ಕ ಹೌದೆಂದೇ ಒತ್ತಿದರು, ಏನಾಗುತ್ತದೆ ನೋಡಲು. ಕಂಪ್ಯೂಟರ್ ಎದ್ದಿತು. ಪೂಲನ್ನು ಇಂಪೋರ್ಟ್ ಮಾಡಿ ಮತ್ತೆ ಒಳಗೆ ಸೇರಿಸಿಕೋ ಎಂದರೆ, ಯಾವ ಪೂಲು ಎಂದಿತು. ಎರಡೂ ಡಿಸ್ಕು ಸ್ವಚ್ಛ, ತೊಳೆದಿಟ್ಟ ತಟ್ಟೆಯ ಹಾಗೆ.

"ಹಾಳಾಯ್ತು!" ಕೌಸಲ್ಯಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅತ್ತೆ, ಪೂರ್ತಿ ಹಾಳಾಯ್ತು!"

ಸಾಕಮ್ಮ ಗಾಬರಿಯಾಗಿ ಓಡಿಬಂದರು. "ಹಾಳಾಗೋದ್ರೆ ಯಾಕವ್ವ ಹಿಂಗ್ ಕುಣೀತಿದ್ದೀಯೆ?"

"ನಿಮ್ಮ ತೊಗರಿಬೇಳೆ ಹೋಯ್ತು ಅತ್ತೆ! ಇತಿಹಾಸ ಉಳೀತು! ಈ ಪ್ರಶ್ನೆಗೆ ಅಪ್ಪಿತಪ್ಪಿನೂ ಹೂಂ ಅನ್ಬಾರ್ದು ಅಂತ ಈಗ ಗೊತ್ತಾಯ್ತು!"

ಎರಡನೇ ಸಲ ಸಾಕಮ್ಮ ಮತ್ತೆ ಬೇಳೆ ಪ್ಯಾಕೆಟ್ ಓದಿದರು. ಮತ್ತೆ ಹಳೆಯ ಕಾರ್ಡು, ಮತ್ತೆ ಎಕ್ಸ್‌ಪೋರ್ಟ್, ಮತ್ತೆ ಹೊಸ ಕಾರ್ಡು. ಈ ಸಲ ಬೇಡ ಎಂದೊತ್ತಿದರು. ಕಾರ್ಡಿನ ಸೆಟ್ಟಿಂಗ್‌ಗೆ ಹೋಗಿ, ಡಿಸ್ಕುಗಳನ್ನು ನೀನು ಮುಟ್ಟಬೇಡ, ಇದ್ದ ಹಾಗೆ ಕಂಪ್ಯೂಟರಿಗೆ ಒಪ್ಪಿಸು ಎಂಬ ಆಯ್ಕೆ ಹಾಕಿದರು. ಆಮೇಲೆ ಎರಡು ಡಿಸ್ಕುಗಳ ಜಾಗವನ್ನೂ ಬೇಕೆಂದೇ ಅದಲುಬದಲು ಮಾಡಿದರು. ಹಚ್ಚಿದರೆ ಪೂಲ್ ತಾನಾಗಿ ಕಂಡಿತು, ಸ್ಪೀಕರಿನಲ್ಲಿ ಸಾಕಮ್ಮನವರ ದನಿ ಬಂತು: "ತೇವವಿಲ್ಲದ ಸ್ಥಳದಲ್ಲಿ ಶೇಖರಿಸಿಡಿ."

ಹೊರಗೆ ಕಣ್ಣು ಹಾಯುವಷ್ಟೂ ನೀರು. ಇಬ್ಬರೂ ನಕ್ಕು ನಕ್ಕು ಸುಸ್ತಾದರಂತೆ.

ಇನ್ನು ಉಳಿದದ್ದು ನಿಜದ ಕೆಲಸ. ಅದಕ್ಕೆ ಆ ಆರು ಡಿಸ್ಕುಗಳನ್ನು ಕೊನೆಯ ಬಾರಿ ಹಳೆಯ ಕಾರ್ಡಿಗೆ ಹಾಕಿ ಹಚ್ಚಲೇಬೇಕಿತ್ತು. ಕೊನೆಯ ಸಲ ಆರಿಸಿದಾಗ ಪೂಲನ್ನು ಎಕ್ಸ್‌ಪೋರ್ಟ್ ಮಾಡಿರಲಿಲ್ಲ. ಕೌಸಲ್ಯಕ್ಕ ಪ್ರತಿ ಡಿಸ್ಕಿನ ಮೇಲೂ ಅದರ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದು ಚೀಟಿ ಅಂಟಿಸಿದರು. ಕೇಬಲ್ಲಿಗೂ ಚೀಟಿ. ಕ್ಯಾಮೆರಾದಲ್ಲಿ ಫೋಟೊ. ಕಾರ್ಡು ಕಾಯದಿರಲಿ ಎಂದು ಟೇಬಲ್ ಫ್ಯಾನನ್ನು ಡಬ್ಬದ ಬಾಯಿಗೇ ತಿರುಗಿಸಿದರು.

ಹತ್ತೂಮುಕ್ಕಾಲಿಗೆ ಹಚ್ಚಿದರು. ಐದು ಡಿಸ್ಕು ಬಂದವು. ಮೂರನೇ ಜಾಗದ್ದು ಬರಲೇ ಇಲ್ಲ. ಐದಾದರೂ ಸಾಕು, ಆದರೆ ಇನ್ನೊಂದು ಹೋಗಬಾರದು. ಎಕ್ಸ್‌ಪೋರ್ಟ್ ಎಂದು ಬರೆದು ಎಂಟರ್ ಒತ್ತಿದರು.

ಪರದೆ ಹಾಗೇ ನಿಂತಿತು. ಒಂದು ನಿಮಿಷ, ಮೂರು ನಿಮಿಷ. ಡಿಸ್ಕುಗಳ ದೀಪ ಒಮ್ಮೆ ಮಿನುಗುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಅದೇ ಹೊತ್ತಿಗೆ ಮನೆಯ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು, ಯುಪಿಎಸ್ ಕೀರೆಂದಿತು. ನನಗೆ ಫೋನು ಬಂದದ್ದು ಆಗ.

"ಜಾಹ್ನವಿ, ಏನೂ ಮಾತಾಡ್ಬೇಡ. ಸುಮ್ನೆ ಲೈನಲ್ಲಿರು" ಎಂದರು. ನಾನು ರೆಡ್ಮಂಡ್‌ನಲ್ಲಿ ಮೀಟಿಂಗ್ ಬಿಟ್ಟು ಕಾರಿಡಾರಿನಲ್ಲಿ ನಿಂತೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಂದೆ ಸಾಕಮ್ಮನವರು, "ಪ್ಲಗ್ ಕಿತ್‌ಬುಡ್ಲಾ?" ಎನ್ನುತ್ತಿದ್ದರು. "ಬೇಡ ಅತ್ತೆ, ಬೇಡ, ಬೇಡ!" ಹನ್ನೊಂದು ನಿಮಿಷ ಹಾಗೇ ಕಳೆಯಿತು. ಮುಗಿಸುವುದಕ್ಕೆ ಅದಕ್ಕೆ ಅಷ್ಟು ಸಮಯ ಬೇಕಿದ್ದರೆ ಕೊಡಬೇಕು, ಅವಸರಪಟ್ಟರೆ ಕೆಡುತ್ತದೆ ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ಆಮೇಲೆ ಒಂದು ದೊಡ್ಡ ಉಸಿರು.

"ಬಿಡ್ತು! ಎಕ್ಸ್‌ಪೋರ್ಟ್ ಆಯ್ತು! ಫೋನ್ ಇಡ್ತೀನಿ!"

ಕಂಪ್ಯೂಟರ್ ಆರಿಸಿ ಪ್ಲಗ್ ಕಿತ್ತರು. ಡಿಸ್ಕುಗಳು ತಿರುಗುವುದು ನಿಲ್ಲಲಿ ಎಂದು ಒಂದು ಲೋಟ ಕಾಫಿ ಕುಡಿದರು. ಮೈಯ ಸ್ಥಾಯೀ ವಿದ್ಯುತ್ತು ತಾಗದಂತೆ ಡಬ್ಬದ ಕಬ್ಬಿಣ ಮುಟ್ಟಿ, ಹಳೆಯ ಕಾರ್ಡು ತೆಗೆದು ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದರು. ಚೀಟಿ ನೋಡಿ ಒಂದೊಂದೇ ಡಿಸ್ಕು ಜೋಡಿಸಿದರು. ಸಾಕಮ್ಮ ಸಂಖ್ಯೆ ಓದುವುದು, ಕೌಸಲ್ಯಕ್ಕ ಕೇಬಲ್ ಒತ್ತುವುದು, ಕಟ್ ಎಂದು ಕೂತ ಸದ್ದು ಕೇಳಿದ ಮೇಲೇ ಮುಂದಿನದು.

ಹಚ್ಚಿದರು. ಅದೇ ಸೌಜನ್ಯದ ಪ್ರಶ್ನೆ. ಕೌಸಲ್ಯಕ್ಕ ಬೆರಳನ್ನು ಎನ್ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೊಮ್ಮೆ ನೋಡಿ ಒತ್ತಿದರು.

ಮೊದಲು ಏನೂ ತೆರೆಯದೆ ಬರೀ ಪಟ್ಟಿ ಕೇಳಿದರು. ಪಟ್ಟಿ ಬಂತು. ಆರು ಡಿಸ್ಕು! ಒಂದು, ಎರಡು, ಕಳೆದುಹೋಗಿದ್ದ ಮೂರನೇ ಜಾಗದ್ದೂ ಸೇರಿ ಆರೂ. ಆ ಒಂದರ ಮುಂದೆ ಮಾತ್ರ, ಇದರಲ್ಲಿರುವುದು ಹಳತು ಎಂಬ ಸೂಚನೆ. ಇಂಪೋರ್ಟ್ ಮಾಡಿದ ಕೂಡಲೇ ಉಳಿದ ಐದು ಡಿಸ್ಕುಗಳು ಅದಕ್ಕೆ ತಪ್ಪಿಹೋದ ಪಾಠಗಳನ್ನು ತುಂಬಿಕೊಡಲು ಶುರುಮಾಡಿದವು. ಒಂದು ಗಂಟೆಯಲ್ಲಿ ಅದೂ ಸಮನಾಯಿತು.

ಆ ಮಧ್ಯಾಹ್ನ ಗುಂಪಿನ ಉಳಿದವರೆಲ್ಲರಿಗೂ ಫೋನು ಹೋಯಿತು. ಪ್ರತಿಯೊಬ್ಬರಿಗೂ ಅವರವರು ಓದಿದ್ದನ್ನೇ ಹತ್ತು ಸೆಕೆಂಡು ಸ್ಪೀಕರಿನಲ್ಲಿ ಕೇಳಿಸಿದರು. ನನಗೆ ಕೇಳಿಸಿದ್ದು ರಾಜ್ಯಶಾಸ್ತ್ರದ ಆರನೇ ಅಧ್ಯಾಯ. ನಾನು ಕೆಮ್ಮಿ, ಕ್ಷಮಿಸಿ ಎಂದದ್ದೂ ಹಾಗೇ ಇತ್ತು. ಕಾರಿಡಾರಿನಲ್ಲಿ ನಿಂತು ನಾನೂ ಕಿರುಚಿದೆ; ಎರಡು ಬಾಗಿಲು ತೆರೆದವು.

ಮಾರನೆಯ ದಿನ ಪ್ರತಿ ಡಿಸ್ಕಿನ ಪ್ರತಿ ಚೂರನ್ನೂ ಓದಿಸಿ ಪರೀಕ್ಷೆ ಮಾಡಿದರು. ಒಂದೇ ಒಂದು ಫೈಲು ಕೆಟ್ಟಿತ್ತು, ಅರ್ಥಶಾಸ್ತ್ರದ ಹದಿನಾಲ್ಕನೇ ಪಾಠ. ಅದನ್ನು ಓದಿದ್ದವರು ಸಾಕಮ್ಮನವರೇ. "ಅದು ನಂಗೂ ಇಷ್ಟ ಆಗಿರ್ನಿಲ್ಲ, ಬುಡು, ಇನ್ನೊಂದ್ಸತಿ ಓದ್ತೀನಿ" ಎಂದು ಬೀರುವಿನೊಳಗೆ ಹೋಗಿ ಕುಳಿತರು. ಆ ಹೊತ್ತಿಗೆ ನಕಲು ಶುರುವಾಗಿತ್ತು. ಹೊಸ ಕಾರ್ಡು ತಣ್ಣಗಿತ್ತು. ಶನಿವಾರ ಸಂಜೆ ರಸ್ತೆ ತೆರೆದಾಗ ಉದಯ್ ಕೆಸರು ಮೆತ್ತಿದ ಕಾರಿನಲ್ಲಿ ಬಂದರು. ಕಾಲು ಗಂಟೆಯಲ್ಲಿ ಪಾಠಗಳ ನಕಲು ತುಂಬಿದ ಎರಡು ಪುಟ್ಟ ಡಿಸ್ಕು ತೆಗೆದುಕೊಂಡು ನಂದಿತಾಳ ಮನೆಗೆ ತಿರುಗಿ ಹೊರಟರು. ಒಂದು ಅವಳ ಕೈಚೀಲದಲ್ಲಿ, ಇನ್ನೊಂದು ಸೂಟ್‌ಕೇಸಿನಲ್ಲಿ. ಒಂದು ಕಳೆದರೂ ಒಂದು ಇರಲಿ ಎಂದು.

ಹದಿನೈದು ದಿನಕ್ಕೆ ಚಕ್ರಪಾಣಿಯವರ ಫೋನು. ಹುಡುಗರು ಸಾಕಮ್ಮನವರ ದನಿಗೆ ಹೆಡ್‌ಮಿಸ್ ಎಂದು ಹೆಸರಿಟ್ಟಿದ್ದಾರಂತೆ. ಆ ವರ್ಷ ಪಿಯುಸಿ ಪರೀಕ್ಷೆಗೆ ಕುಳಿತ ಹನ್ನೊಂದು ಜನರಲ್ಲಿ ಹತ್ತು ಜನ ಪಾಸಾದರು. ಒಬ್ಬಳು ಇತಿಹಾಸದಲ್ಲಿ ಹಾಸ್ಟೆಲಿಗೇ ಹೆಚ್ಚು ಅಂಕ ತೆಗೆದಳು. ಮೇ ತಿಂಗಳಲ್ಲಿ ಫೋನ್ ಮಾಡಿ ಫಲಿತಾಂಶ ಹೇಳಿದ ಉಸಿರಿನಲ್ಲೇ ಚಕ್ರಪಾಣಿ ಕೇಳಿದರು: "ಮೇಡಂ, ಎಂಟನೇ ಕ್ಲಾಸಿನವರಿಗೆ ರೇಖಾಗಣಿತ ಓದ್ತೀರಾ?"

"ಚಿತ್ರ ಇರುತ್ತಲ್ಲ ಚಕ್ರಪಾಣಿ, ಅದನ್ನ ಹೇಗೆ ಓದೋದು?"

"ಅದೇ ಗೊತ್ತಿಲ್ಲ. ಯಾರೂ ಓದಿಲ್ಲ."

ಮುಂದಿನ ಭಾನುವಾರ ನಾನು ಡುವಾಲ್‌ಗೆ ಹೋದಾಗ ಅತ್ತೆ ಸೊಸೆ ಇಬ್ಬರಿಗೂ ಜೋರು ವಾದ. ಮೇಜಿನ ತುಂಬ ಬೆಂಕಿಕಡ್ಡಿಯ ತ್ರಿಕೋನಗಳು. ಸಾಕಮ್ಮ ಕಣ್ಣು ಮುಚ್ಚಿಕೊಂಡು ಕುಳಿತು, ಬೆರಳಿನಿಂದ ಕಡ್ಡಿ ತಡವುತ್ತ, "ಮೇಲ್ಗಡೆ ಮೂಲೆ ಅಂದ್ರೆ ಯಾವ್ ಮೇಲ್ಗಡೆ? ಸರಿಯಾಗ್ ಹೇಳವ್ವ" ಎಂದು ಗದರುತ್ತಿದ್ದರು. ಕೌಸಲ್ಯಕ್ಕ ನನ್ನನ್ನು ಕಂಡದ್ದೇ ಕುರ್ಚಿ ಎಳೆದರು.

"ಬಾ ಬಾ, ನೀನೂ ಕಣ್ಣು ಮುಚ್ಚು!"